ಗಿರಾಕಿಗಳಿಂದ ಫೋಟೊ ತರಿಸಿಕೊಳ್ಳಲು
ಆಲ್ಬಂಗೆ ಸೇರಿಸಲು ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸುವ ಹಳೇ ಫೋಟೊಗಳು ಮಸುಕಾಗಿ ಬರುತ್ತವೆ, ಲಾಗಿನ್ ತಲೆನೋವಿಲ್ಲದ ದಾರಿ ಬೇಕು ಅಂದಿದ್ದೀರಿ. ಆನ್‌ಲೈನ್‌ನಲ್ಲಿ ಫೈಲ್ ಇಡುವ ಡ್ರಾಪ್‌ಬಾಕ್ಸ್‌ನ ಫೈಲ್ ರಿಕ್ವೆಸ್ಟ್ (ಬೇರೆಯವರಿಂದ ಫೈಲ್ ತರಿಸಿಕೊಳ್ಳುವ ಸೌಲಭ್ಯ) ಬಳಸಿ ಸರ್. ಲಿಂಕ್ ಕಳಿಸಿದರೆ ಸಾಕು, ಅವರಿಗೆ ಖಾತೆ ಬೇಕಿಲ್ಲ. ಹೆಸರು, ಇಮೇಲ್ ಹಾಕಿ ಅಪ್‌ಲೋಡ್ ಮಾಡಿದರೆ ಫೋಟೊ ನೇರವಾಗಿ ನಿಮ್ಮ ಫೋಲ್ಡರಿಗೆ ಬರುತ್ತದೆ. ಒಬ್ಬರು ಕಳಿಸಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಮನೆಮಂದಿಯ ಫೋಟೊ ಅಲ್ವಾ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಉಚಿತ ಖಾತೆಯಲ್ಲಿ ಜಾಗ 2 ಜಿಬಿ ಮಾತ್ರ, ಬಂದದ್ದನ್ನು ಆಗಾಗ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಂಡು ಖಾಲಿ ಮಾಡಿ. ಗೂಗಲ್ ಫಾರ್ಮ್‌ನಲ್ಲೂ ತರಿಸಬಹುದು, ಆದರೆ ಗಿರಾಕಿ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ವಾಟ್ಸಾಪೇ ಸುಲಭ ಅನ್ನುವ ಹಿರಿಯರಿಗೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಆಗ ಫೈಲ್ ಕುಗ್ಗುವುದಿಲ್ಲ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 12 ಇಂಚು ಅಗಲ ಪ್ರಿಂಟ್ ಹಾಕಲು 3600 ಪಿಕ್ಸೆಲ್ ಬೇಕು, ಬಂದ ತಕ್ಷಣ ನೋಡಿಬಿಡಿ.