ಈರುಳ್ಳಿ ಸಂಘಕ್ಕೂ ಒಬ್ಬ ಖಜಾಂಚಿ

"ಮಗಳ ಮನೆಗೆಂದು ಇಂಗ್ಲೆಂಡಿನ ಡಾರ್ಸೆಟ್ ಜಿಲ್ಲೆಯ ಒಂದು ಹಳ್ಳಿಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಆ ಹಳ್ಳಿಯಲ್ಲಿ ದಪ್ಪ ಈರುಳ್ಳಿ ಬೆಳೆಯೋರಿಗೊಂದು ಕ್ಲಬ್, ಚರ್ಚಿನ ಗಂಟೆ ಬಾರಿಸೋರಿಗೊಂದು, ಹೆಂಗಸರಿಗೊಂದು. ಚಹಾ ಕುಡಿಯೋಕೂ ಅಧ್ಯಕ್ಷರು, ಕಾರ್ಯದರ್ಶಿ! ಪಕ್ಕದ ಮನೆಯವರ ಜೊತೆ ಮಾತಾಡಲು ಚಂದಾ ಕಟ್ಟಬೇಕೇ? ನಮ್ಮ ಅರಳಿಕಟ್ಟೆಯೇ ವಾಸಿ ಅಲ್ವಾ?"
— ಓದುಗರೊಬ್ಬರು, ಮೈಸೂರು

ಪತ್ರ ಓದಿ ನಕ್ಕೆ. ಅರಳಿಕಟ್ಟೆಯ ಸುಖವೇ ಬೇರೆ, ಒಪ್ಪಿದೆ. ಚಂದಾ ಇಲ್ಲ, ರಸೀದಿ ಇಲ್ಲ. ಆದರೆ ಆ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ದೂರದಲ್ಲೇ ನಿಲ್ಲುತ್ತಿದ್ದರು, ಹೆಂಗಸರು ಎಷ್ಟು ಜನ ಇರುತ್ತಿದ್ದರು? ಸ್ವಲ್ಪ ನೆನಪು ಮಾಡಿಕೊಳ್ಳಿ.

ನೀವು ಕಂಡ ಹೆಂಗಸರ ಕ್ಲಬ್ ಬಹುಶಃ ವಿಮೆನ್ಸ್ ಇನ್‌ಸ್ಟಿಟ್ಯೂಟ್. ಅದು ಹುಟ್ಟಿದ್ದು 1897ರಲ್ಲಿ, ಕೆನಡಾದಲ್ಲಿ. 1915ರಲ್ಲಿ ವೇಲ್ಸಿನ ಒಂದು ಹಳ್ಳಿಗೆ ಬಂತು, ಅದೇ ವರ್ಷ ಇಂಗ್ಲೆಂಡಿಗೂ. ವರ್ಷಕ್ಕೆ ಎರಡು ಶಿಲ್ಲಿಂಗ್ ಚಂದಾ. ಬಂಗಲೆಯ ಯಜಮಾನಿಗೂ ಅಷ್ಟೇ, ಅವಳ ಮನೆಯ ಬಟ್ಟೆ ಒಗೆಯುವವಳಿಗೂ ಅಷ್ಟೇ. ಸಮಿತಿಯನ್ನು ಗುಟ್ಟಿನ ಮತದಾನದಲ್ಲಿ ಆರಿಸುತ್ತಿದ್ದರು. ಆಗಿನ್ನೂ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಹೆಂಗಸರಿಗೆ ಓಟೇ ಇರಲಿಲ್ಲ. 1918ರಲ್ಲಿ ಕೆಲವರಿಗೆ ಸಿಕ್ಕಿತು, ಗಂಡಸರ ಸಮಕ್ಕೆ ಸಿಕ್ಕಿದ್ದು 1928ರಲ್ಲಿ. ಎಷ್ಟೋ ಹಳ್ಳಿ ಹೆಂಗಸರು ಜೀವನದ ಮೊದಲ ಓಟು ಹಾಕಿದ್ದು ನೀವು ನಗುವ ಈ ಜಾಮ್ ಮಾಡುವ ಕ್ಲಬ್ಬಿನಲ್ಲಿ!

ಅಲ್ಲಿ ಕಲಿತ ಧೈರ್ಯ ಸುಮ್ನೆ ಹೋಗಲಿಲ್ಲ. ರಸ್ತೆಯಲ್ಲಿ ಕಸ ಎಸೆಯಬೇಡಿ ಎನ್ನುವ 'ಕೀಪ್ ಬ್ರಿಟನ್ ಟೈಡಿ' ಅಭಿಯಾನದ ಬೇರು ಅವರ 1954ರ ಒಂದು ಠರಾವಿನಲ್ಲಿದೆ. 2000ರಲ್ಲಿ ಪ್ರಧಾನಿ ಟೋನಿ ಬ್ಲೇರ್ ವೆಂಬ್ಲಿಯಲ್ಲಿ ಅವರ ಸಭೆಗೆ ಬಂದು ರಾಜಕೀಯ ಭಾಷಣ ಶುರು ಮಾಡಿದರು. ಹತ್ತು ಸಾವಿರ ಹೆಂಗಸರ ನಡುವಿಂದ ಮೆಲ್ಲಗೆ, ತಾಳ ಹಾಕಿದ ಹಾಗೆ ಚಪ್ಪಾಳೆ ಎದ್ದಿತು. ಸಾಕು ನಿಲ್ಲಿಸಪ್ಪಾ ಎಂದು ಅದರ ಅರ್ಥ. ಕೆಲವರು ಎದ್ದೇ ಹೋದರು.

ಕಟ್ಟೆ ಎಂದಿರಲ್ಲ, ನಿಮ್ಮ ಮಗಳಿರುವ ಡಾರ್ಸೆಟ್‌ನಲ್ಲೇ ಟಾಲ್‌ಪಡಲ್ ಎಂಬ ಹಳ್ಳಿಯಿದೆ. ಅಲ್ಲೂ ಒಂದು ದೊಡ್ಡ ಮರ. ಕೂಲಿ ವಾರಕ್ಕೆ ಏಳು ಶಿಲ್ಲಿಂಗಿಗೆ ಇಳಿದಾಗ ಹೊಲದಾಳುಗಳು ಅದರ ಕೆಳಗೆ ಸೇರುತ್ತಿದ್ದರಂತೆ. ಬರೀ ಮಾತಾಡಿಕೊಂಡು ಎದ್ದು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಸಂಘ ಕಟ್ಟಿದರು, ನಿಯಮ ಬರೆದರು, ಪ್ರಮಾಣ ಮಾಡಿದರು. 1834ರಲ್ಲಿ, ಗುಟ್ಟಾಗಿ ಪ್ರಮಾಣ ಮಾಡಿಸಿದರೆಂಬ ನೆಪದಲ್ಲಿ, ಆರು ಜನರಿಗೆ ಏಳು ವರ್ಷ ಆಸ್ಟ್ರೇಲಿಯಾ ಗಡಿಪಾರಿನ ಶಿಕ್ಷೆಯಾಯಿತು. ಜನ ಬೀದಿಗಿಳಿದ ಮೇಲೆ 1836ರಲ್ಲಿ ಕ್ಷಮೆ ಸಿಕ್ಕಿತು. ಜಮೀನುದಾರರಿಗೆ ಮರದ ಕೆಳಗಿನ ಹರಟೆಯ ಭಯ ಇರಲಿಲ್ಲ, ನೋಡಿ.

ಇನ್ನು ನಮ್ಮ ಕಥೆ. ನಾನಿರುವ ಅಪಾರ್ಟ್‌ಮೆಂಟಿನ ಸಂಘಕ್ಕೆ ಗಣೇಶನ ಹಬ್ಬದಲ್ಲಿ ಮಾತ್ರ ಜೀವ ಬರುತ್ತದೆ. ಒಮ್ಮೆ ಪೆಂಡಾಲಿನ ಲೆಕ್ಕ ಕೇಳಿದೆ. "ನಮ್ಮ ಮೇಲೆ ನಂಬಿಕೆ ಇಲ್ವಾ ಸಾರ್?" ಎಂದರು. ಎರಡು ವಾರ ಲಿಫ್ಟಿನಲ್ಲಿ ಯಾರೂ ಮಾತಾಡಿಸಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಮಾತ್ರ ದಿನಕ್ಕೆ ನಲವತ್ತು ಶುಭೋದಯ! ಸಮುದಾಯ ಭವನಗಳ ಪಾಡೂ ಅಷ್ಟೇ. ಮದುವೆಗೆ ತೆರೆಯುತ್ತವೆ, ಸಭೆಗೆ ಕೇಳಿದರೆ ಬೀಗದ ಕೈ ಇರುವವನು ಊರಲ್ಲಿಲ್ಲ. ಲೆಕ್ಕ ಕೇಳುವುದನ್ನು ನಾವು ಯಾವಾಗ ಜಗಳ ಅಂದುಕೊಂಡೆವೋ ಗೊತ್ತಿಲ್ಲ.

ಮೂರು ತಿಂಗಳು ಕಣ್ಣು ಬಿಟ್ಟುಕೊಂಡು ಊರು ನೋಡಿದ್ದೀರಿ, ಈರುಳ್ಳಿಯನ್ನೂ ಬಿಟ್ಟಿಲ್ಲ. ಸಭೆಯೊಳಗೆ ಮಾತ್ರ ಇಣುಕಿದಂತಿಲ್ಲ. ಮುಂದಿನ ಸಲ ಹೋದಾಗ ಆ ಕ್ಲಬ್ಬಿನ ವಾರ್ಷಿಕ ಸಭೆಗೆ ಹೋಗಿ, ಹಿಂದಿನ ಕುರ್ಚಿಯಲ್ಲಿ ಕೂತುಕೊಳ್ಳಿ. ಚಹಾಕ್ಕೆ ಯಾಕಿಷ್ಟು ಖರ್ಚಾಯಿತು ಎಂದು ಯಾರಾದರೂ ಕೇಳಬಹುದು. ಖಜಾಂಚಿ ಏನು ಹೇಳಿದರು ಎಂದು ನನಗೆ ಬರೆಯಿರಿ.

— ಸಂ.