ಆರು ಜನರ ಸಾಫ್ಟ್‌ವೇರ್ ಕಂಪನಿಗೆ ಯಾವ ಸಿಎಂಎಸ್: ವರ್ಡ್‌ಪ್ರೆಸ್ಸೋ, ಡ್ರೂಪಲ್ಲೋ, ಜೂಮ್ಲಾವೋ?

2017ರಲ್ಲಿ ನಾವೂ ಸಿಎಂಎಸ್‌ಗಾಗಿ, ಅಂದರೆ ವೆಬ್‌ಸೈಟಿನ ಪುಟಗಳನ್ನು ಬರೆದು ನಿಭಾಯಿಸುವ ತಂತ್ರಾಂಶಕ್ಕಾಗಿ, ಇದೇ ಮೂರು ಹೆಸರು ಹಿಡಿದು ವಾರಗಟ್ಟಲೆ ಜಗ್ಗಾಡಿದ್ದೆವು. ಅಷ್ಟು ಹೊತ್ತು ಕೊಡಬೇಕಾದ ಪ್ರಶ್ನೆ ಅದಲ್ಲ.

ನಮ್ಮದು ಹುಬ್ಬಳ್ಳಿ. ಕಿರಾಣಿ, ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಮ್ ಮಾಡುತ್ತೇವೆ. ಅದರಲ್ಲಿ ಪ್ರತಿ ದೋಷ ಸಂದೇಶದ ಪಕ್ಕ ‘ಸಹಾಯ’ ಬಟನ್. ಒತ್ತಿದರೆ ನಮ್ಮ ಸೈಟಿನ ಪುಟ. ಸೈಟ್ ಇದ್ದದ್ದು ಡ್ರೂಪಲ್ 7ರಲ್ಲಿ. ಅದು ತಾನಾಗಿ ಕೊಡುವ ‘ನೋಡ್/147’ ಥರದ ವಿಳಾಸವನ್ನೇ ಪ್ರೋಗ್ರಾಮಿನ ಕೋಡ್‌ನೊಳಗೆ ಬರೆದಿಟ್ಟಿದ್ದೆವು. ಡ್ರೂಪಲ್ 8ಕ್ಕೆ ಹೋಗಲು ನಾವೇ ಬರೆದ ಮಾಡ್ಯೂಲ್‌ಗಳನ್ನೆಲ್ಲ ಮತ್ತೆ ಬರೆಯಬೇಕಿತ್ತು, ಹಾಗಾಗಿ ಜೂನ್‌ನಲ್ಲಿ ವರ್ಡ್‌ಪ್ರೆಸ್‌ಗೆ ಬಂದೆವು. ಪುಟ, ಚಿತ್ರ ಎಲ್ಲ ಸರಿಯಾಗಿ ಬಂದವು. ವಿಳಾಸಗಳು ಮಾತ್ರ ಶೀರ್ಷಿಕೆಯಿಂದ ಹುಟ್ಟಿದ ಹೊಸವು.

ಜುಲೈ 1ಕ್ಕೆ ಜಿಎಸ್‌ಟಿ ಬಂತು. ವ್ಯಾಟ್ ಹೋಗಿ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡು ಸಾಲು, ಹೊರರಾಜ್ಯಕ್ಕಾದರೆ ಐಜಿಎಸ್‌ಟಿ, ಜೊತೆಗೆ ಎಚ್‌ಎಸ್‌ಎನ್ ಕೋಡ್. ಎಂದೂ ಸಹಾಯ ಬಟನ್ ಮುಟ್ಟದವರೆಲ್ಲ ಆ ವಾರ ಒತ್ತಿದರು. ಬಂದದ್ದು 404, ಅಂದರೆ ‘ಪುಟ ಸಿಗಲಿಲ್ಲ’. ಗಿರಾಕಿಯನ್ನು ನಿಲ್ಲಿಸಿಕೊಂಡೇ ನಮಗೆ ಫೋನ್ ಮಾಡುತ್ತಿದ್ದರು. ಕೆಲವರು ಆ ತಿಂಗಳೇ ಬೇರೆ ಪ್ರೋಗ್ರಾಮ್ ಹಾಕಿಸಿಕೊಂಡರು, ಮರಳಿ ಬರಲಿಲ್ಲ.

ಹಳೆ ವಿಳಾಸದಿಂದ ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಹಾಕಿದ್ದರೆ ಆಗುತ್ತಿತ್ತಲ್ಲ ಅನ್ನುತ್ತೀರಿ. ಆಗುತ್ತಿತ್ತು, ಆದರೆ ತಪ್ಪಿನ ಬೇರು ಅದಕ್ಕಿಂತ ಕೆಳಗಿದೆ. ಸೈಟಿನೊಳಗಿನ ಲಿಂಕ್ ಮುರಿದರೆ ನಾವು ಕೂತಲ್ಲೇ ತಿದ್ದಬಹುದು. ಗದಗದ ಅಂಗಡಿಯೊಂದರಲ್ಲಿ ವರ್ಷಗಳಿಂದ ಅಪ್‌ಡೇಟ್ ಕಾಣದ ಪ್ರೋಗ್ರಾಮಿನೊಳಗಿನ ಲಿಂಕನ್ನು ತಿದ್ದಲಾಗದು. ಅಂಥ ಜಾಗದಲ್ಲಿ ಸಿಎಂಎಸ್ ತನ್ನ ಅನುಕೂಲಕ್ಕೆ ಕೊಟ್ಟುಕೊಂಡ ಕ್ರಮಸಂಖ್ಯೆಯನ್ನು ಇಟ್ಟಿದ್ದೆವು. ಇಂಪೋರ್ಟ್ ಆದಾಗ ವರ್ಡ್‌ಪ್ರೆಸ್ ತನ್ನದೇ ಸಂಖ್ಯೆ ಕೊಟ್ಟಿತು. ಯಾವ 147 ಯಾವ ಪುಟವಾಯಿತು ಅನ್ನುವ ನಂಟೇ ಉಳಿಯಲಿಲ್ಲ. ಎರಡೂ ಡೇಟಾಬೇಸ್ ತೆರೆದು, ಶೀರ್ಷಿಕೆ ಹೊಂದಿಸಿ, ಒಂದೊಂದಕ್ಕೂ 301 (ಶಾಶ್ವತ ರೀಡೈರೆಕ್ಟ್) ಬರೆಯಬೇಕಾಯಿತು.

ಹಾಗಾಗಿ ಮೊದಲು ವಿಳಾಸಗಳನ್ನು ನಿಮ್ಮ ಕೈಯಲ್ಲಿಟ್ಟುಕೊಳ್ಳಿ. ಪ್ರೋಗ್ರಾಮಿನೊಳಗೆ ನಿಮ್ಮದೇ ದೋಷ ಸಂಖ್ಯೆ ಮಾತ್ರ ಇರಲಿ: ‘ಸಹಾಯ/2031’. ಅದು ಯಾವ ಪುಟಕ್ಕೆ ಹೋಗಬೇಕೆಂಬ ಪಟ್ಟಿ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಒಂದು ಮ್ಯಾಪ್ ಫೈಲಿನಲ್ಲಿ, ಆ ಫೈಲ್ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ. ಪ್ರತಿ ಬಿಡುಗಡೆಗೆ ಮೊದಲು ಎಲ್ಲ ಸಂಖ್ಯೆಗಳೂ ಪುಟ ತೆರೆಯುತ್ತವೆಯೇ ಎಂದು ಸ್ಕ್ರಿಪ್ಟ್ ನೋಡಲಿ.

ಆಮೇಲೆ ಸಿಎಂಎಸ್. ಬೆಲೆ, ಪರಿಚಯದ ಪುಟಗಳಿಗೆ ವರ್ಡ್‌ಪ್ರೆಸ್ ಸಾಕು, ಕೋಡ್ ಬಾರದವರೂ ಬರೆಯುತ್ತಾರೆ. ಸಹಾಯ ಪುಟಗಳಿಗೆ ಸಿಎಂಎಸ್ಸೇ ಬೇಡ: ಸರಳ ಗುರುತುಗಳ ಪಠ್ಯವಾದ ಮಾರ್ಕ್‌ಡೌನ್‌ನಲ್ಲಿ ಬರೆದು, ಅದರಿಂದ ಸಿದ್ಧ ಪುಟ ಮಾಡಿಕೊಡುವ ಹ್ಯೂಗೋದಿಂದ ಕಟ್ಟಿ, ಪ್ರೋಗ್ರಾಮಿನ ಕೋಡ್ ಇರುವ ರೆಪೊಸಿಟರಿಯಲ್ಲೇ ಇಡಿ. ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ, ರಾತ್ರಿ ನಿದ್ದೆಗೆಡುವ ಕಾರಣ ಒಂದು ಕಡಿಮೆ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷ (ಹೊರಗಿನವರು ಡೇಟಾಬೇಸಿಗೆ ಆದೇಶ ನುಗ್ಗಿಸಬಹುದಾದ ಕಿಂಡಿ) ಪ್ರಕಟವಾದಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಪ್ರಕಟವಾದ 7 ತಾಸಿನೊಳಗೆ ತೇಪೆ ಹಾಕದ ಸೈಟ್‌ಗಳೆಲ್ಲ ಕೈತಪ್ಪಿವೆ ಎಂದೇ ಭಾವಿಸಿ ಎಂದು ಅವರ ಭದ್ರತಾ ತಂಡ ಆಮೇಲೆ ಹೇಳಿತು. ಅಂದರೆ ನಮ್ಮ ಬೆಳಗಿನ ಜಾವ ನಾಲ್ಕೂವರೆ. ಆರು ಜನರಲ್ಲಿ ಆ ಹೊತ್ತಿಗೆ ಯಾರು ಎದ್ದಿರುತ್ತಾರೆ?

ಇನ್ನೊಂದು, ಕನ್ನಡದಲ್ಲಿ ಬರೆಯುವವರಾದರೆ. ವರ್ಡ್‌ಪ್ರೆಸ್ ವಿಳಾಸದಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ 9 ಅಕ್ಷರ ತಿನ್ನುತ್ತದೆ, ಗುಣಿತ, ಒತ್ತುಗಳ ಚಿಹ್ನೆಗಳೂ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ಒಟ್ಟು ಮಿತಿ 200. ತುಸು ಉದ್ದದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಪುಟ ಪ್ರಕಟಿಸುವ ಮೊದಲೇ ವಿಳಾಸದ ಕೊನೆಯ ಭಾಗವಾದ ಸ್ಲಗ್ ಅನ್ನು ಚಿಕ್ಕದಾಗಿ ಕೈಯಾರೆ ಬರೆಯಿರಿ.