ಜೀವನವಿಡೀ ದುಡಿದ ನಿಮ್ಮ ಮನೆಯ ಹಿರಿಯರ ಬಗ್ಗೆ ನಿಮಗೆ ಯಾವ ನೆನಪು ಉಳಿದಿದೆ?

ನಿಮ್ಮ ತಾತ ಹೋದ ತಿಂಗಳು ತೀರಿಕೊಂಡರು, ಅವರ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತರೆ "ತುಂಬಾ ಕಷ್ಟಪಟ್ಟು ದುಡಿದರು" ಅನ್ನೋದು ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ ಅಂತ ಪ್ರಶ್ನೆಯ ಜೊತೆ ಬರೆದಿದ್ದೀರಿ. ನಮ್ಮಜ್ಜ ಹೋದಾಗ ನನಗೂ ಹಾಗೇ ಆಗಿತ್ತು. ಅಜ್ಜನ ಬಗ್ಗೆಯೇ ಬರೆಯುತ್ತೇನೆ, ನಿಮಗೇನಾದರೂ ದಾರಿ ಸಿಕ್ಕಿದರೆ ಸಿಗಲಿ. ನಮ್ಮ ಕಡೆ ಮನೆಯವರನ್ನೆಲ್ಲ ಏಕವಚನದಲ್ಲೇ ಕರೆಯೋದು, ಅದರಲ್ಲಿ ಮರ್ಯಾದೆ ಕಡಿಮೆ ಅಂತ ಇಲ್ಲ.

ಅಜ್ಜ 2021ರ ಮಳೆಗಾಲದಲ್ಲಿ ಹೋದ. ವಯಸ್ಸು 95ರ ಆಸುಪಾಸು. ಹುಟ್ಟಿದ ದಿನ ಯಾರೂ ಬರೆದಿಟ್ಟಿರಲಿಲ್ಲ, ಆಧಾರ್ ಕಾರ್ಡಿನಲ್ಲಿ ಸುಮ್ನೆ ಜನವರಿ 1 ಅಂತ ಇತ್ತು. ನಾವು ಲೆಕ್ಕ ಹಾಕಿದ್ದು ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಿಂದ. ಅದು ಮುಗಿದಿದ್ದು 1948ರಲ್ಲಿ, ಆಗ ಅಜ್ಜನಿಗೆ ಮದುವೆಯಾಗಿ ಒಂದು ವರ್ಷ. ಆ ಅಣೆಕಟ್ಟಿಗೆ ಅಜ್ಜ ಕಲ್ಲು ಹೊತ್ತಿದ್ದ.

ಊರು ಸಾಗರ ತಾಲೂಕು, ಶರಾವತಿ ದಡ, ತುಮರಿ ಕಡೆ. ಸ್ವಂತ ಜಮೀನು ಇರಲಿಲ್ಲ, ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಸುಗ್ಗಿ ಮುಗಿದು ಕಣದಲ್ಲಿ ಗೇಣಿ ಭತ್ತ ಅಳೆಯುವ ದಿನ ಜಮೀನಿನ ಒಡೆಯರ ಮನೆಯಿಂದ ಅವರದೇ ಕೊಳಗ, ಅಂದರೆ ಭತ್ತ ಅಳೆಯುವ ಪಾತ್ರೆ, ಬರುತ್ತಿತ್ತು. ಊರಲ್ಲಿ ನಡೆಯುವ ಕೊಳಗಕ್ಕಿಂತ ಅದು ದೊಡ್ಡದು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವ ಹಾಗಿಲ್ಲ. ವರ್ಷವಿಡೀ ಗದ್ದೆಯಲ್ಲಿ ಸತ್ತು, ಕಣದಲ್ಲಿ ಹತ್ತು ನಿಮಿಷದಲ್ಲಿ ಕಳೆದುಕೊಳ್ಳುವುದು ಅಂದರೆ ಹೇಗಿರುತ್ತೆ ಅಂತ ಅಜ್ಜ ಕೇಳುತ್ತಿದ್ದ. 1951ರಲ್ಲಿ ಕಾಗೋಡಿನಲ್ಲಿ ಗೇಣಿ ರೈತರು ಸಿಡಿದೇಳಲು ಒಂದು ಕಾರಣ ಇದೇ ಕೊಳಗದ ಅಳತೆ. ನೇಗಿಲು ಹೊತ್ತು ಗದ್ದೆಗೆ ಇಳಿದು ಜನ ಬಂಧನಕ್ಕೆ ಒಳಗಾದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಅಜ್ಜ ಹೋಗಲಿಲ್ಲ. ಅವನಪ್ಪ ಹಾಸಿಗೆ ಹಿಡಿದಿದ್ದ, ಕೈಗೂಸು ಇತ್ತು. ಹೋಗಲಿಲ್ಲವಲ್ಲ ಅನ್ನೋ ಬೇಜಾರು ಕೊನೆತನಕ ಇತ್ತು. ಆದರೆ ಆ ವರ್ಷವೇ ಆಚಾರಿಗೆ ಹೇಳಿ ಹಲಸಿನ ಮರದಲ್ಲಿ ಸರಿಯಾದ ಅಳತೆಯ ಒಂದು ಕೊಳಗ ಮಾಡಿಸಿದ. ಬಾಯಿಗೆ ಕಬ್ಬಿಣದ ಪಟ್ಟಿ. ಗೇಣಿ ರೈತನ ಮನೆಯಲ್ಲಿ ಸ್ವಂತ ಕೊಳಗ ಇಟ್ಟುಕೊಳ್ಳೋದು ಆಗ ಸಣ್ಣ ಧೈರ್ಯ ಅಲ್ಲ ಅಂತ ನನಗೆ ಈಗ ಅನ್ನಿಸುತ್ತೆ.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಗದ್ದೆ, ಮನೆ, ಭೂತನ ಕಟ್ಟೆ, ಅಜ್ಜ ಕಲ್ಲು ಹೊತ್ತ ಆ ಹಳೇ ಅಣೆಕಟ್ಟು, ಎಲ್ಲ ನೀರಿನಡಿ ಹೋಯಿತು. ಪರಿಹಾರದ ದುಡ್ಡಿನ ಜಾಸ್ತಿ ಪಾಲು ಜಮೀನು ಯಾರ ಹೆಸರಲ್ಲಿತ್ತೋ ಅವರಿಗೆ ಹೋಯಿತು ಅಂತ ಅಜ್ಜ ಹೇಳುತ್ತಿದ್ದ. ಇವರನ್ನು ಲಾರಿಯಲ್ಲಿ ತುಂಬಿ ಶಿವಮೊಗ್ಗ ತಾಲೂಕಿನ ಒಂದು ಕಾಡಿನ ಅಂಚಿಗೆ ತಂದು ಇಳಿಸಿದರು. ಲಾರಿಯಲ್ಲಿ ಬಂದಿದ್ದು ನಾಲ್ಕು ಮಕ್ಕಳು, ಎರಡು ಹಂಡೆ, ನೇಗಿಲು, ಬೂದಿಯಲ್ಲಿ ಕಲಸಿ ಅಜ್ಜಿ ಕಟ್ಟಿಕೊಂಡ ಸೌತೆ-ಹೀರೆ ಬೀಜ, ಮತ್ತೆ ಆ ಕೊಳಗ. ಅಳೆಯಲು ಒಂದು ಕಾಳು ಭತ್ತ ಇರಲಿಲ್ಲ. ಹತ್ತು ವರ್ಷ ಕಳೆದು, 1974ರಲ್ಲಿ ಉಳುವವನಿಗೇ ಭೂಮಿ ಅಂತ ಕಾನೂನು ಬಂದು ಸಾಗರದಲ್ಲಿ ಎಷ್ಟೋ ಜನ ಡಿಕ್ಲರೇಷನ್ ಅರ್ಜಿ ಹಾಕಿ ಗದ್ದೆ ಪಡೆದರು. ಅಜ್ಜ ಉಳುತ್ತಿದ್ದ ಗದ್ದೆ ಆಗ ಹಿನ್ನೀರಿನ ಕೆಳಗಿತ್ತು.

ಹೊಸ ಜಾಗದಲ್ಲಿ ಮೊದಲು ಗದ್ದೆ, ಆಮೇಲೆ ಹಳ್ಳದ ಪಕ್ಕ ಅರ್ಧ ಎಕರೆ ಅಡಿಕೆ. ಅಡಿಕೆ ಫಸಲಿಗೆ ಬರಲು ಆರೇಳು ವರ್ಷ ಬೇಕು, ಅಲ್ಲಿತನಕ ಕೂಲಿ. ನಾನು ಕಣ್ಣಾರೆ ನೋಡಿದ ಅಜ್ಜ ಅಂದರೆ ಈ ತೋಟದ ಅಜ್ಜ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ, ಉಳಿದ ದಿನ ಹಾಳೆಟೊಪ್ಪಿ, ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಅಡಿಕೆ ಚೊಗರಿನ ಕಪ್ಪು.

ಅಡಿಕೆಗೆ ಬರುವ ಕೊಳೆ ರೋಗದ ಔಷಧಿ ಮಾಡುವ ದಿನ ಅಜ್ಜನನ್ನು ನೋಡಬೇಕಿತ್ತು. ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಮಾಡುವ ಹಾಗಿಲ್ಲ. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಿದ್ದ. ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಮರಕ್ಕೇ ಪೆಟ್ಟು. ಮಳೆ ಹಿಡಿಯುವ ಮುಂಚೆ ಒಂದು ಸಲ, ಮತ್ತೆ 40-45 ದಿನಕ್ಕೆ ಮಳೆ ಬಿಡುವು ಕೊಟ್ಟ ಹೊಳವು ನೋಡಿಕೊಂಡು ಇನ್ನೊಂದು ಸಲ. ಪಕ್ಕದ ತೋಟದವರು ಕಣ್ಣಳತೆಯಲ್ಲೇ ಕಲಸುತ್ತಿದ್ದರು. ಅಜ್ಜ ತಕ್ಕಡಿ ಬಿಟ್ಟು ಒಂದು ವರ್ಷವೂ ಕಲಸಲಿಲ್ಲ.

ನಾನು ನಿಮಗೆ ಹೇಳಬೇಕು ಅಂತ ಹೊರಟಿದ್ದು ಮಾತ್ರ ಒಂದು ರಾತ್ರಿಯ ವಿಷಯ.

ನನಗೆ ಆಗ 12 ವರ್ಷ ಇರಬೇಕು. ಅಡಿಕೆ ಸುಲಿಯುವ ಕಾಲ. ರಾತ್ರಿ ಚಪ್ಪರದ ಕೆಳಗೆ ಲೈಟು ಹಾಕಿ, ಊರಿನ ಎಂಟು ಜನ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಿದ್ದರು. ಕೂಲಿ ಡಬ್ಬದ ಲೆಕ್ಕ, ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು ಡಬ್ಬಕ್ಕೆ ಇಷ್ಟು ಅಂತ. ಹಳೇ ಡಬ್ಬ ತುಕ್ಕು ಹಿಡಿದು ತೂತಾಗಿತ್ತು ಅಂತ ದೊಡ್ಡಪ್ಪ ಪೇಟೆಯಿಂದ ಹೊಸದು ತಂದಿದ್ದ. ನಾಲ್ಕು ದಿನ ಅದರಲ್ಲೇ ಅಳೆದಾಯಿತು. ನಾಲ್ಕನೇ ದಿನ ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಅಜ್ಜ ಎರಡೂ ಡಬ್ಬ ಅಕ್ಕಪಕ್ಕ ಇಟ್ಟುಕೊಂಡು ಸುಮ್ಮನೆ ಕೂತಿದ್ದ. ಆಮೇಲೆ ಹಳೇದರ ತೂತಿಗೆ ಬಟ್ಟೆ ತುರುಕಿ, ಅದರ ತುಂಬಾ ಭತ್ತ ತುಂಬಿ ಹೊಸದಕ್ಕೆ ಸುರಿದ. ಬಾಯಿತನಕ ಬರಲಿಲ್ಲ. ಮತ್ತೆ ಎರಡು ಬೊಗಸೆ ಹಿಡಿಯಿತು.

ಅಜ್ಜ ಕೂಗಾಡಲಿಲ್ಲ. "ಇದು ಒಡೆಯರ ಕೊಳಗ ಆಯ್ತಲ್ಲೋ" ಅಂದ, ಅಷ್ಟೇ. ದೊಡ್ಡಪ್ಪನಿಗೆ ಆಗ ಐವತ್ತರ ಹತ್ತಿರ, ಮೊಮ್ಮಗು ಬೇರೆ ಇತ್ತು. ಬೇಕಂತ ಮಾಡಿದ್ದಲ್ಲ, ನಾಳೆ ಬಂದಾಗ ಕೊಟ್ಟರಾಯ್ತು ಅಂದ. ಅಜ್ಜ ಕೇಳಲಿಲ್ಲ. ನಾಲ್ಕು ದಿನದ ವ್ಯತ್ಯಾಸ ಲೆಕ್ಕ ಹಾಕಿಸಿ, ದುಡ್ಡು ಎಣಿಸಿ, ಆ ರಾತ್ರಿಯೇ ಎಂಟು ಮನೆಗೂ ಕಳಿಸಿದ. ನಾನು ಟಾರ್ಚ್ ಹಿಡಿದು ದೊಡ್ಡಪ್ಪನ ಹಿಂದೆ ಹೋದೆ. ಕಾಲುಸಂಕ ದಾಟಿ, ನಾಯಿ ಬೊಗಳಿಸಿಕೊಂಡು, ಮಲಗಿದವರನ್ನು ಎಬ್ಬಿಸಿ, ಪ್ರತಿ ಮನೆ ಬಾಗಿಲಲ್ಲೂ ದೊಡ್ಡಪ್ಪ ಅದೇ ಮಾತು ಹೇಳಿದ: "ಡಬ್ಬ ದೊಡ್ಡದಾಗಿತ್ತು, ತಗೊಳ್ಳಿ." ಒಂದು ಮನೆಯ ಅಜ್ಜಿ ಮಾತ್ರ "ನಮಗೆ ಮೊದಲ ದಿನವೇ ಗೊತ್ತಾಗಿತ್ತು ಮಾರಾಯ" ಅಂದಳು. ಬಂದು ಅಜ್ಜನಿಗೆ ಹೇಳಿದೆ. ಅವತ್ತು ರಾತ್ರಿ ಅಜ್ಜ ಊಟ ಮಾಡಲಿಲ್ಲ.

ಅಜ್ಜ ದೇವರು ಅಂತ ಹೇಳುತ್ತಿಲ್ಲ. ಅಜ್ಜಿಯ ಕೆಲಸವನ್ನು ಅವನು ಯಾವತ್ತೂ ಅಳೆಯಲಿಲ್ಲ. ಕೊಟ್ಟಿಗೆ, ಸೊಪ್ಪು, ಗೊಬ್ಬರ, ಅಡಿಕೆ ಬೇಯಿಸುವ ಒಲೆ, ಹತ್ತು ಜನರ ಅಡುಗೆ, ಭೂಮಿ ಹುಣ್ಣಿಮೆಗೆ ರಾತ್ರಿಯೆಲ್ಲ ಕೂತು ಬುಟ್ಟಿಗೆ ಚಿತ್ತಾರ ಬರೆಯೋದು, ಇದೆಲ್ಲ ಅವನ ಲೆಕ್ಕಕ್ಕೆ ಬರಲೇ ಇಲ್ಲ. ಅಜ್ಜಿ ಅವನಿಗಿಂತ ಹನ್ನೊಂದು ವರ್ಷ ಮೊದಲೇ ಹೋದಳು. ಆಮೇಲೆ ಒಂದಿನ ಅವನೇ ಹಟ್ಟಿಯಲ್ಲಿ ಸಗಣಿ ಬಾಚುತ್ತಾ "ಇದಕ್ಕೇ ಅರ್ಧ ದಿನ ಬೇಕಲ್ಲ" ಅಂದಿದ್ದು ನನಗೆ ಮರೆಯೋದಿಲ್ಲ.

ಅಜ್ಜನ ದುಡಿಮೆಯನ್ನೂ ಯಾರೂ ಸರಿಯಾಗಿ ಅಳೆಯಲಿಲ್ಲ. ಅರವತ್ತು ವರ್ಷ ದಾಟಿತು, ನಮ್ಮ ಜಮೀನಿನ ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ಕಾಗದದಲ್ಲಿ ಅದು ಕಾಡು. ಅಜ್ಜ ಕಚೇರಿಗೆ ಅಲೆದ ಅರ್ಜಿ, ರಸೀದಿ ಎಲ್ಲ ಒಂದು ತಗಡಿನ ಟ್ರಂಕಿನಲ್ಲಿವೆ. ಶರಾವತಿ ಮುಳುಗಡೆಯ ಎಷ್ಟೋ ಮನೆಗಳಲ್ಲಿ ಇಂಥ ಟ್ರಂಕ್ ಇದೆ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ನಾನು ಕಾಲೇಜಿನಲ್ಲಿದ್ದಾಗ ಒಂದು ಬೇಸಿಗೆ ಹಿನ್ನೀರು ತೀರಾ ಇಳಿದು ಆ ಹಳೇ ಅಣೆಕಟ್ಟು ಮೇಲೆದ್ದಿತ್ತು. ಅಜ್ಜನನ್ನು ಕರೆದುಕೊಂಡು ಹೋಗಿದ್ದೆವು. ಅವನು ಅಳಬಹುದು ಅಂತ ಅಪ್ಪನಿಗೆ ಹೆದರಿಕೆ. ಅಜ್ಜ ಕಲ್ಲಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. "ಇಲ್ಲಿ ಕೂಲಿ ವಾರ ವಾರ ಸರಿಯಾಗಿ ಕೊಡ್ತಿದ್ರು" ಅಂದ.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾಯಿತು. ಇನ್ನು ತುಮರಿಗೆ ಹೋಗಲು ಲಾಂಚ್ ಕಾಯಬೇಕಿಲ್ಲ. ಅಜ್ಜ ಅದನ್ನು ನೋಡಲಿಲ್ಲ.

ನಿಮ್ಮ ತಾತ ದಿನಾ ಕೈಯಲ್ಲಿ ಹಿಡಿಯುತ್ತಿದ್ದ ವಸ್ತು ಯಾವುದು ಅಂತ ಒಮ್ಮೆ ಮನೆಯೊಳಗೆ ಹುಡುಕಿ ನೋಡಿ. ಅಲ್ಲಿಂದ ಬರೆಯಲು ಶುರುಮಾಡಿ. ನಮ್ಮನೆಯಲ್ಲಿ ಆ ಕೊಳಗ ಈಗ ಅಪ್ಪನ ಹತ್ತಿರ ಇದೆ. ಅದರ ಬಾಯಿಯ ಪಟ್ಟಿ ಸಡಿಲ ಆಗಿತ್ತು, ಹೋದ ವರ್ಷ ಹೊಸದು ಹಾಕಿಸಿದೆವು. ಮನೆಗೆ ತಂದ ಕೂಡಲೇ ಅಪ್ಪ ಸೇರು ತಂದು, ಅಕ್ಕಿ ಹಾಕಿ ಅಳೆದು ನೋಡಿದ. ಸರಿ ಇತ್ತು.